ಮದುವೆ ಡಿಸ್ಕಿಗೆ ಬಟನ್ ಒತ್ತೋದು ತಾನೇ?

ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಕೆಲಸವೆಂದು ಯಾರೂ ಒಪ್ಪುವುದಿಲ್ಲ. ಒಪ್ಪದವರೆಲ್ಲ ವಿಳಾಸ ಹುಡುಕಿಕೊಂಡು ಮರ್ಫಿ ಟೌನಿನ ನನ್ನ ಮನೆಗೇ ಬರುತ್ತಾರೆ. ನಾನು ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಡಿಸ್ಕಿಗೆ ಹಾಕಿಕೊಡುವವಳು. ಓದಿದ್ದು ಏಳನೇ ಕ್ಲಾಸು. ಈ ಕೆಲಸ ನನಗೆ ಯಾರೂ ಕಲಿಸಲಿಲ್ಲ; ಮಷೀನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೂರು ಸಲ ಓದಿದೆ. ಹಾಗಾಗಿ ನನ್ನ ಡಿಸ್ಕು ಓಡಲಿಲ್ಲ ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ. ಹೋದ ವರ್ಷ ಒಂದೇ ಮನೆಯವರು ಕಂತು ಕಂತಾಗಿ ಉರಿಸಿದರು.

೧. ಐದು ನಿಮಿಷದ ಕೆಲಸ

ಇಂದಿರಾನಗರದಿಂದ ಒಬ್ಬರು ಬಂದರು. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದ ಮೇಡಂ. ಯಜಮಾನರ ಅರವತ್ತರ ಶಾಂತಿಗೆ ತಮ್ಮ ಮದುವೆಯ ವಿಡಿಯೋ ಛತ್ರದ ಹಾಲಿನಲ್ಲಿ ತೋರಿಸಬೇಕು, ತಾಂಬೂಲದ ಚೀಲದಲ್ಲಿ ಹಾಕಿ ಕೊಡಲು ನಲವತ್ತು ಡಿಸ್ಕು ಬೇಕು.

"ಬಟನ್ ಒತ್ತೋದು ತಾನೇಮ್ಮಾ? ಒತ್ಬಿಡು, ಇಲ್ಲೇ ಕೂತಿರ್ತೀನಿ."

"ಕೂತ್ಕೊಳ್ಳಿ" ಎಂದೆ. ಮೂರು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು ಎಂದು ಹೇಳಲಿಲ್ಲ. ಅವರೇ ತಿಳಿದುಕೊಳ್ಳಲಿ.

ಅರ್ಧ ಗಂಟೆಯಾದರೂ ವರಪೂಜೆ ಮುಗಿಯಲಿಲ್ಲ. "ಸ್ವಲ್ಪ ಫಾಸ್ಟಾಗಿ ಓಡಿಸಮ್ಮಾ."

"ಓಡಿಸಬಹುದು ಮೇಡಂ. ಆದ್ರೆ ತಾಳಿ ಕಟ್ಟಿದ್ದು ಯಾರಿಗೂ ಕಾಣಲ್ಲ."

ಧಾರೆಯ ಹೊತ್ತಿಗೆ ಗೊರಕೆ ಶುರುವಾಯಿತು. ಕೊನೆಗೆ ಭುಜ ಅಲ್ಲಾಡಿಸಿ ಎಬ್ಬಿಸಿದೆ.

"ಮುಗೀತಾ? ಮದುವೆ ದಿನಾನೂ ಹೀಗೇ ಆಗಿತ್ತು ನೋಡು. ಧಾರೆ ಟೈಮಲ್ಲೇ ನಿದ್ದೆ ಬಂದ್ಬಿಟ್ಟಿತ್ತು!"

೨. ಪಾರಿವಾಳದ ಮಾಲು

ಖಾಲಿ ಡಿಸ್ಕು ಈಗ ಸುಲಭವಾಗಿ ಸಿಗುವುದಿಲ್ಲ. ಶಿವಾಜಿನಗರದಲ್ಲಿ ಒಂದು ಅಂಗಡಿಯಿದೆ. ನಲವತ್ತು ಕೇಳಿದ್ದಕ್ಕೆ ಅಂಗಡಿ ಸಾಬರು ಕನ್ನಡಕದ ಮೇಲಿಂದ ನೋಡಿದರು.

"ಕ್ಯಾ ಮೇಡಂ, ನಿಮ್ಮ ಕಡೆ ಪಾರಿವಾಳ ಅಷ್ಟೊಂದು ಜಾಸ್ತಿನಾ?"

ಈಗ ಜನ ಡಿಸ್ಕು ಒಯ್ಯುವುದು ಬಾಲ್ಕನಿಯಲ್ಲಿ ನೇತುಹಾಕಿ ಪಾರಿವಾಳ ಓಡಿಸಲಿಕ್ಕಂತೆ! ನನಗೆ ಸಿಟ್ಟು ನೆತ್ತಿಗೇರಿತು. ಇದು ಮದುವೆ ವಿಡಿಯೋಗೆ, ನಾನೇ ಕೂತು ಮಾಡುವುದು, ಎಂದು ಜೋರಾಗಿಯೇ ಹೇಳಿದೆ.

"ಗುಸ್ಸಾ ಆಗ್ಬೇಡಿ ಮೇಡಂ. ಇದನ್ನ ಸೀರಿಯಸ್ಸಾಗಿ ತಗೊಳ್ಳೋರು ಇಬ್ಬರೇ. ನೀವು, ಆಮೇಲೆ ಪಾರಿವಾಳ."

೩. ಕತ್ತರಿ

ಮೇಡಂ ಫೋನ್ ಮಾಡಿದರು. ಯಜಮಾನರ ಅಕ್ಕ ಮದುವೆಯಲ್ಲಿ ಗಂಡಿನ ಕಡೆಯವರಾದ ತಮಗೆ ಮೊದಲ ಕಾಫಿ ಕೊಡಲಿಲ್ಲ ಎಂದು ಮುನಿಸಿಕೊಂಡು ಕೂತಿದ್ದರಂತೆ. "ನಮ್ಮ ಅತ್ತಿಗೇದು ಆ ಮುಖ ನಲವತ್ತು ಮನೆಗೆ ಹೋಗೋದು ಬೇಡ. ಕಟ್ ಮಾಡ್ಬಿಡು."

ಹತ್ತು ನಿಮಿಷಕ್ಕೆ ಯಜಮಾನರ ಫೋನು, ಪಿಸುದನಿಯಲ್ಲಿ. "ನೋಡಿ, ನೀವು ಅಕ್ಕನ್ನ ಕಟ್ ಮಾಡಿದ್ರೆ ಅಕ್ಕ ನನ್ನ ಕಟ್ ಮಾಡ್ತಾಳೆ. ನಾನು ಹೇಳ್ದೆ ಅಂತ ಇವಳಿಗೆ ಹೇಳಬೇಡಿ."

ನಾನು ಪಂಚಾಯಿತಿ ಮಾಡುವವಳೇ? ಕ್ಯಾಸೆಟ್ಟನ್ನು ಮತ್ತೊಮ್ಮೆ ಪೂರ್ತಿ ನೋಡಿದೆ. ಅಕ್ಕ ಎಲ್ಲ ಕಡೆಯೂ ಇದ್ದರು, ಎಲ್ಲ ಕಡೆಯೂ ಮುನಿಸಿಕೊಂಡೇ. ಅವರನ್ನು ತೆಗೆದರೆ ಉಳಿಯುವುದು ಓಲಗದವರು ಮಾತ್ರ. ಕತ್ತರಿ ಹಾಕಲಿಲ್ಲ.

೪. ಹೊಳೆಯುವ ಬದಿ

ಶಾಂತಿಯ ದಿನ ಬೆಳಗ್ಗೆ ಹಲಸೂರಿನ ಛತ್ರದಿಂದ ಮೇಡಂ ಫೋನಿನಲ್ಲಿ ಕೂಗಿದರು. "ನಿನ್ನ ಡಿಸ್ಕು ಓಡ್ತಿಲ್ಲ! ಜನ ಕೂತಿದ್ದಾರೆ, ನಮ್ಮ ಮಾನ ಹೋಯ್ತು!"

ಮಾನ ಹೋಗಿದ್ದು ನನ್ನದು. ನಲವತ್ತನ್ನೂ ಒಂದೊಂದಾಗಿ ಓಡಿಸಿ ನೋಡಿ ಕೊಟ್ಟಿದ್ದೆ. ಆಟೋ ಹತ್ತಿ ಹೋದೆ. ಬಾಗಿಲಲ್ಲಿ ಕಾಲಿಡುವಾಗಲೇ ಮೇಡಂ ಮೈಕಿನಲ್ಲಿ ಹೇಳುತ್ತಿದ್ದರು: "ಯಾರೋ ಮನೇಲಿ ಮಾಡೋ ಹೆಂಗಸಿಗೆ ಕೊಟ್ಟಿದ್ದೆ, ನನ್ನದೇ ತಪ್ಪು."

ನೇರ ಹೋಗಿ ಪ್ಲೇಯರ್ ತೆರೆದೆ. ಡಿಸ್ಕಿನ ಹೊಳೆಯುವ ಬದಿಗೆ ದಪ್ಪಗೆ ಅರಿಶಿನ, ಅದರ ಮೇಲೆ ಕುಂಕುಮ!

"ಯಾರ ಕೆಲಸ ಇದು?"

"ತಾಂಬೂಲದ ಜೊತೆ ಕೊಡೋದನ್ನ ಬೋಳಾಗಿ ಕೊಡೋಕಾಗುತ್ತಾ? ನಾನೇ ಕೂತು ನಲವತ್ತಕ್ಕೂ ಹಚ್ಚಿದೆ."

"ಹಚ್ಚೋದಿದ್ರೆ ಆ ಕಡೆ ಹಚ್ಚಬೇಕಿತ್ತು ಮೇಡಂ. ವಿಡಿಯೋ ಇರೋದು ಈ ಕಡೆ!"

"ಆ ಕಡೆ ನಮ್ಮ ಫೋಟೋ ಹಾಕಿದ್ದೀಯಲ್ಲಮ್ಮಾ! ಬದುಕಿರೋರ ಫೋಟೋಗೆ ಕುಂಕುಮ ಇಡ್ತಾರಾ? ಅದೂ ಆಯುಸ್ಸಿಗೆ ಶಾಂತಿ ಮಾಡೋ ದಿನ!"

ಹಾರ ಹಾಕಿಕೊಂಡು ಕೂತಿದ್ದ ಯಜಮಾನರು ಹೌದು ಹೌದು ಎಂದು ತಲೆಯಾಡಿಸಿದರು.

ನೀರು ತರಿಸಿದೆ. ಎಲ್ಲರ ಎದುರಿಗೇ ಮೆತ್ತನೆ ಬಟ್ಟೆಯಿಂದ, ಪುಸ್ತಕದಲ್ಲಿ ಹೇಳಿದಂತೆ, ನಡುವಿನಿಂದ ಅಂಚಿಗೆ ಒರೆಸಿದೆ. ಒಣಗಿಸಿ ಹಾಕಿದೆ. ಓಡಿತು!

ತೆರೆಯ ಮೇಲೆ ಮೊದಲು ಬಂದವರೇ ಅಕ್ಕ. ಕಬ್ಬಿಣದ ಕುರ್ಚಿಯಲ್ಲಿ, ಗೋಡೆಗೆ ಮುಖ ಮಾಡಿ. ಮೇಡಂ ನನ್ನನ್ನು ನುಂಗುವಂತೆ ನೋಡಿದರು. ಮುಂದಿನ ಸಾಲಿನಲ್ಲಿದ್ದ ಅಕ್ಕ, ತಲೆ ಪೂರ್ತಿ ನರೆತಿದೆ, ತಮ್ಮನ್ನು ತಾವೇ ಚೆನ್ನಾಗಿ ನೋಡಿಕೊಂಡರು. ಆಮೇಲೆ ಹಾಲಿಗೆಲ್ಲ ಕೇಳುವಂತೆ ಅಂದರು:

"ಇವತ್ತೂ ಇನ್ನೂ ಕಾಫಿ ಬಂದಿಲ್ಲ."

ಮೇಡಂ ತಾವೇ ಅಡುಗೆಮನೆಗೆ ಓಡಿ ಲೋಟ ತಂದು ಹಿಡಿದರು. ಅಕ್ಕ ಅದನ್ನು ನನ್ನ ಕಡೆಗೆ ತಳ್ಳಿದರು.

"ಮೊದಲು ಆ ಮೇಡಂಗೆ ಕೊಡೇ, ಕೆಲಸ ಗೊತ್ತಿರೋರು. ನಾನು ನಿನ್ನ ಮದುವೆ ದಿನದಿಂದ ಕಾಯ್ತಿದ್ದೀನಿ, ಇನ್ನೈದು ನಿಮಿಷಕ್ಕೆ ಸಾಯಲ್ಲ!"