ಸಿರಿಧಾನ್ಯದ ಸೋದರ ಸೊಸೆ

ನನ್ನ ತಂಗಿಯ ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಹೇಳಿದರೆ, "ಇದನ್ನೇ ಒಬ್ಬ ಹುಡುಗ ಮಾಡಿದ್ರೆ ತಲೆ ಚುರುಕು ಅಂತಿದ್ರಿ, ಅಲ್ವಾ ಮಾಮ?" ಎಂದು ಕೇಳುತ್ತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಗಳನ್ನು ಬೆಳಗಿನ ಕಾಫಿಗೆ ಮುಂಚೆಯೇ ಕೇಳುವುದು ಅವಳ ಅಭ್ಯಾಸ. ಆದ್ದರಿಂದ ಇಲ್ಲಿ ಬರೆದಿರುವುದನ್ನು ದಯವಿಟ್ಟು ಯಾರೂ ಅವಳಿಗೆ ತೋರಿಸಬೇಡಿ. ಹೆಸರನ್ನಂತೂ ನಾನು ಹೇಳುವುದಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅದರ ಅಗತ್ಯವೂ ಇಲ್ಲ. "ಆ ಹುಡುಗಿ" ಎಂದರೆ ಸಾಕು, ತರಕಾರಿ ಗಾಡಿಯವನೂ ನಗುತ್ತಾನೆ.

ಹಾಸನದಲ್ಲಿ ಓದು ಮುಗಿಸಿ, ಬಾಪೂಜಿ ನಗರದ ಹತ್ತಿರದ ಒಂದು ಸಿದ್ಧ ಉಡುಪಿನ ಕಂಪನಿಯಲ್ಲಿ ಡಿಸೈನರ್ ಆಗಿ ಸೇರಿದಾಗ ಅವಳು ನಮ್ಮ ಮನೆಗೆ ಬಂದಳು. "ಪಿಜಿ ಸಿಗೋವರ್ಗೂ ಮಾಮ, ಅಷ್ಟೇ" ಎಂದಿದ್ದಳು. ಅವಳು ಪಿಜಿ ಹುಡುಕಲಿಲ್ಲ, ನಾವೂ ನೆನಪಿಸಲಿಲ್ಲ. ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ನಾನು, ನನ್ನ ಹೆಂಡತಿ, ಇಬ್ಬರೇ ಇದ್ದ ಮನೆ. ಮಾತಾಡುವುದಕ್ಕೆ ಟಿವಿಯೊಂದೇ ಇತ್ತು. ಈಗ ಟಿವಿಗೆ ಬಾಯಿ ತೆರೆಯಲು ಅವಕಾಶವೇ ಸಿಗುವುದಿಲ್ಲ!

ಬಂದ ದಿನ ಆಟೋದಿಂದ ಮೂರು ಪೆಟ್ಟಿಗೆ ಇಳಿಸಿದಳು. ಒಂದರ ಮೇಲೆ 'ಬೇಸಿಗೆ', ಇನ್ನೊಂದರ ಮೇಲೆ 'ಮಳೆ', ಮತ್ತೊಂದರ ಮೇಲೆ 'ಚಳಿ' ಎಂದು ಚೀಟಿ ಅಂಟಿಸಿದ್ದಳು.

"ಬೆಂಗಳೂರಲ್ಲಿ ಈ ಮೂರೂ ಒಂದೇ ದಿನ ಬರುತ್ತಲ್ಲಮ್ಮ" ಎಂದೆ.

"ಅದಕ್ಕೇ ಮಾಮ, ಲೇಯರಿಂಗ್!" ಎಂದಳು.

ಲೇಯರಿಂಗ್ ಎಂದರೇನು ಎಂದು ನನಗೆ ಆ ಭಾನುವಾರವೇ ಗೊತ್ತಾಯಿತು. ವಿಜಯನಗರದ ಮಾರುಕಟ್ಟೆಗೆ ಅವಳ ಜೊತೆ ಹೊರಟೆ. ಮನೆ ಬಿಡುವಾಗ ಚಳಿ ಎಂದು ಒಂದರ ಮೇಲೊಂದು ಬಟ್ಟೆಯನ್ನು ಈರುಳ್ಳಿಯ ಹಾಗೆ ಸುತ್ತಿಕೊಂಡಿದ್ದಳು. ಬಸ್ ನಿಲ್ದಾಣದ ಹತ್ತಿರ ಬಿಸಿಲು ಬಂತು, ಒಂದು ಕಳಚಿ ನನ್ನ ಕೈಗೆ ಕೊಟ್ಟಳು. ಮಾರುಕಟ್ಟೆಯಲ್ಲಿ ಸೆಕೆಯಾಯಿತು, ಇನ್ನೊಂದು ಕೊಟ್ಟಳು. ಹೂವಿನ ಅಂಗಡಿ ತಲುಪುವ ಹೊತ್ತಿಗೆ ಕುತ್ತಿಗೆಯ ಸ್ಕಾರ್ಫ್ ಕೂಡ ನನ್ನ ಹೆಗಲೇರಿತು. ಕೈತುಂಬ ಬಟ್ಟೆ ಹೊತ್ತು ನಿಂತಿದ್ದ ನನ್ನನ್ನು ಒಬ್ಬ ಹೆಂಗಸು ತಡೆದು ಕೇಳಿದರು, "ಅಣ್ಣ, ಆ ಹಸಿರುದು ಎಷ್ಟಕ್ಕೆ ಕೊಡ್ತೀರಾ?"

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ನನ್ನ ಮಂಕಿ ಕ್ಯಾಪಿನ ಮೇಲೂ ಅವಳ ಕಣ್ಣು ಬಿತ್ತು. ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದು, "ಇದು ಯಾವ ಸೀಸನ್‌ದು ಮಾಮ?" ಎಂದಳು. ಅದರ ಬದಲಿಗೆ ಆಫೀಸಿನಿಂದ ನನಗೊಂದು ಕುರ್ತಾ ತಂದುಕೊಟ್ಟಳು. ಹುಚ್ಚೆಳ್ಳು ಹೂವಿನಂಥ ಹಳದಿ. "ಗಂಡಸ್ರು ಅಂದ್ರೆ ಬೂದಿ, ಕಂದು, ನೀಲಿ ಅಷ್ಟೇನಾ? ಬಣ್ಣದಲ್ಲೂ ಸಮಾನತೆ ಬೇಕು" ಎಂದಳು. ಮರುದಿನ ಅದನ್ನು ತೊಟ್ಟು ಪಾರ್ಕಿಗೆ ಹೋದೆ. ದಿನವೂ ಜೊತೆಯಲ್ಲಿ ನಡೆಯುವ ಗೆಳೆಯರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ ಸಾರ್, ಅರಿಶಿನ ಶಾಸ್ತ್ರ ಮುಗಿಸ್ಕೊಂಡು ಹಂಗೇ ಎದ್ದು ಬಂದ್ರಾ?" ಎಂದರು. ಆದರೂ ಒಂದು ಮಾತು ನಿಜ ಹೇಳಬೇಕು. ಆ ವಾರ ನಾನು ಆ ಕುರ್ತಾವನ್ನು ಇನ್ನೂ ಎರಡು ಸಲ ಹಾಕಿಕೊಂಡೆ.

ಬಟ್ಟೆಯಾದ ಮೇಲೆ ಅವಳು ಅಡುಗೆಮನೆಗೆ ಕಾಲಿಟ್ಟಳು. ಮೊದಲು ಸಕ್ಕರೆ ಹೋಗಿ ಬೆಲ್ಲ ಬಂತು. ಆಮೇಲೆ ಬೆಲ್ಲ ಹೋಗಿ ಖರ್ಜೂರ ಬಂತು. ಕಾಫಿಗೂ ಅದನ್ನೇ ರುಬ್ಬಿ ಹಾಕಿದಾಗ, ಅದನ್ನು ಕುಡಿಯಬೇಕೋ ಅಗಿಯಬೇಕೋ ತಿಳಿಯದೆ ನಾನು ಲೋಟ ಹಿಡಿದು ಕುಳಿತುಬಿಟ್ಟೆ. ಅಕ್ಕಿ ಡಬ್ಬಿಯಲ್ಲಿ ನವಣೆ, ರವೆ ಡಬ್ಬಿಯಲ್ಲಿ ಸಾಮೆ, ಶಾವಿಗೆ ಡಬ್ಬಿಯಲ್ಲಿ ಅಗಸೆ ಬೀಜ. ಡಬ್ಬಿಗಳ ಮೇಲಿನ ಹಳೆಯ ಹೆಸರುಗಳು ಹಾಗೇ ಇದ್ದದ್ದರಿಂದ ನನ್ನ ಹೆಂಡತಿ ಒಂದು ಹಬ್ಬದ ದಿನ ಅಗಸೆ ಬೀಜದ ಪಾಯಸ ಮಾಡುವುದು ಸ್ವಲ್ಪದರಲ್ಲೇ ತಪ್ಪಿತು.

"ಆಯಾ ಕಾಲದಲ್ಲಿ ಬೆಳೆದದ್ದನ್ನೇ ತಿನ್ಬೇಕು ಮಾಮ. ದೇಹಕ್ಕೂ ಋತುಮಾನ ಇರತ್ತೆ" ಎನ್ನುವುದು ಅವಳ ಸಿದ್ಧಾಂತ. ಅವರೆಕಾಯಿ ಕಾಲ ಬಂದಾಗ ನಾನು ಆ ಸಿದ್ಧಾಂತವನ್ನು ತುಂಬು ಹೃದಯದಿಂದ ಒಪ್ಪಿದೆ. ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ಸಾರಿಗೆ ಹಿತಕಿದ ಬೇಳೆ. ಮೂವರೂ ಜಗಲಿಯಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದೆವು. ಗಂಡಸೂ ಸುಲಿಯಲೇಬೇಕೆಂಬುದು ಅವಳ ನಿಯಮ. ಆ ತಿಂಗಳು ನಮ್ಮ ಮನೆಯಲ್ಲಿ ಸಮಾನತೆಯೂ ಇತ್ತು, ಆರೋಗ್ಯವೂ ಇತ್ತು, ಆಗಾಗ ಕೆಲವು ಸದ್ದುಗಳೂ ಇದ್ದವು!

ಅವರೆ ಮುಗಿದು ಮತ್ತೆ ನವಣೆ ಶುರುವಾದಾಗ ನನ್ನ ನಾಲಿಗೆ ದಂಗೆಯೆದ್ದಿತು. ಒಂದು ಬೆಳಿಗ್ಗೆ ವಾಕಿಂಗ್ ಎಂದು ಹೇಳಿ, ಪಾರ್ಕಿನ ಕಡೆಗೆ ತಿರುಗದೆ ಸೀದಾ ರಾಜಾಜಿನಗರದ ಒಂದು ದರ್ಶಿನಿಗೆ ನಡೆದೆ. ಬೆಣ್ಣೆ ಹಾಕಿದ ಖಾಲಿ ದೋಸೆಯ ತಟ್ಟೆ ಹಿಡಿದು, ಜಾಗ ಹುಡುಕಿ ಒಂದು ಎತ್ತರದ ಮೇಜಿನ ಬಳಿ ಹೋದರೆ, ಅಲ್ಲಿ ಪಕ್ಕಕ್ಕೆ ತಿರುಗಿ ನಿಂತು ಒಬ್ಬಳು ಹುಡುಗಿ ಬೆಣ್ಣೆ ದೋಸೆಯನ್ನು ಕಣ್ಣು ಮುಚ್ಚಿ ತಿನ್ನುತ್ತಿದ್ದಾಳೆ. ಹಸಿರು ಜಾಕೆಟ್ಟು ನೋಡಿದ ಕೂಡಲೇ ಗುರುತು ಸಿಕ್ಕಿತು.

"ಏನಮ್ಮ ಇದು?"

ಅವಳು ಕಣ್ಣು ತೆರೆದಳು. ಒಂದು ಕ್ಷಣವೂ ತಡವರಿಸಲಿಲ್ಲ. "ಹುಳಿ ಬರ್ಸಿದ ಹಿಟ್ಟು ಮಾಮ, ಕರುಳಿಗೆ ತುಂಬಾ ಒಳ್ಳೇದು."

"ಮತ್ತೆ ಬೆಣ್ಣೆ?"

"ಬೆಣ್ಣೆ... ಬೆಣ್ಣೆ ದೇಸಿ." ಆಮೇಲೆ ದನಿ ತಗ್ಗಿಸಿದಳು. "ನೀವು ಅತ್ತೆಗೆ ಹೇಳ್ಬೇಡಿ, ನಾನೂ ಹೇಳಲ್ಲ. ಇನ್ನೊಂದು ತಗೊಂಡು ಅರ್ಧರ್ಧ ಮಾಡ್ಕೊಳ್ಳೋಣ್ವಾ?"

ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಇಬ್ಬರ ಕೈಯನ್ನೂ ಹಿಡಿದು ಮೂಸಿದಳು. ನಾವು ಬೈಗುಳಕ್ಕೆ ತಲೆಬಗ್ಗಿಸಿ ನಿಂತೆವು. ಅವಳು ಸೊಸೆಯ ಕಡೆ ತಿರುಗಿ, "ಬೆಳಗಿಂದ ರಾತ್ರಿವರ್ಗೂ ಸಮಾನತೆ ಸಮಾನತೆ ಅಂತೀಯಲ್ಲೇ, ನನಗೂ ಒಂದು ಪಾರ್ಸೆಲ್ ತರಬೇಕು ಅಂತ ಹೊಳೀಲಿಲ್ವಾ?" ಎಂದು ಒಳಗೆ ಹೋಗಿಬಿಟ್ಟಳು. ಆ ಹುಡುಗಿಯ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಅದು ಎಷ್ಟು ಹೊತ್ತು? ಮುಂದಿನ ವಾರವೇ ರಂಗೋಲಿಯ ಪ್ರಸಂಗ ನಡೆಯಿತು. "ಈ ಮನೆ ಅತ್ತೆದು ಎಷ್ಟೋ ನಿಮ್ದೂ ಅಷ್ಟೇ ತಾನೇ? ಹಾಗಾದ್ರೆ ಬಾಗಿಲಿಗೆ ರಂಗೋಲಿ ಅವರೊಬ್ರೇ ಯಾಕೆ ಹಾಕ್ಬೇಕು?" ಎಂದು ಕೇಳಿದಳು. ನನ್ನ ಹತ್ತಿರ, ಮೊದಲೇ ಹೇಳಿದೆನಲ್ಲ, ಉತ್ತರವಿಲ್ಲ. ಬೆಳಕು ಹರಿಯುತ್ತಿದ್ದಂತೆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಚುಕ್ಕಿ ಇಟ್ಟದ್ದು ಸರಿಯಾಗಿಯೇ ಇತ್ತು. ಗೆರೆಗಳು ಮಾತ್ರ ತಮಗೆ ತೋಚಿದ ಕಡೆ ಹೋದವು. ಕೆಲವು ಗೇಟು ದಾಟಿ ರಸ್ತೆಗೂ ಇಳಿದವು. ಎದುರು ಮನೆಯ ಆಂಟಿ ಹಾಲು ತರಲು ಬಂದವರು ನಿಂತು ದಿಟ್ಟಿಸಿ ನೋಡಿ, ಗಾಬರಿಯಿಂದ ಕೇಳಿದರು. "ಏನ್ ಸಾರ್, ನೀರಿನವ್ರು ಮತ್ತೆ ರಸ್ತೆ ಅಗೆಯೋಕೆ ಗುರುತು ಹಾಕಿ ಹೋದ್ರಾ?"

ಒಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ಗಂಡಸಿನ ಕಷ್ಟಕ್ಕೆ ನಗುವುದರಲ್ಲಿ ಮಾತ್ರ ನಮ್ಮ ಮನೆಯಲ್ಲಿ ಯಾವ ತಾರತಮ್ಯವೂ ಇಲ್ಲ.

ಹೀಗೇ ನಡೆಯುತ್ತಿದ್ದಾಗ, ಮಳೆಗಾಲದ ಒಂದು ಸಂಜೆ ಇದ್ದಕ್ಕಿದ್ದಂತೆ ಜೋರು ಮಳೆ ಸುರಿಯಿತು. ಒಣಹಾಕಿದ್ದ ಬಟ್ಟೆ ತರಲು ತಾರಸಿಗೆ ಓಡಿದ ನನ್ನ ಹೆಂಡತಿ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಮೊಣಕೈವರೆಗೂ ಪ್ಲಾಸ್ಟರ್ ಹಾಕಿ ಕಳಿಸಿದರು.

ಅಡುಗೆಯನ್ನು ನಾನು ಮತ್ತು ಸೊಸೆ ಹಂಚಿಕೊಂಡೆವು. ನಾನು ಮಾಡಿದ ಸಾರನ್ನು ಉಂಡು ಹೆಂಡತಿ, "ಇನ್ನೊಂದು ಕೈಯೂ ಮುರಿದಿದ್ರೆ ಚೆನ್ನಾಗಿತ್ತು, ತಿನ್ನೋದಾದ್ರೂ ತಪ್ತಿತ್ತು" ಎಂದಳು. ನೋವಿನಲ್ಲೂ ಅವಳ ಮಾತಿನ ಖಾರ ಕಡಿಮೆಯಾಗಿರಲಿಲ್ಲ. ಆದ್ದರಿಂದ ಎಲ್ಲ ಸರಿಯಾಗಿಯೇ ಇದೆ ಎಂದು ನಾನು ಅಂದುಕೊಂಡಿದ್ದೆ.

ಡಾಕ್ಟರಿಗೆ ಮತ್ತೆ ತೋರಿಸಬೇಕಾದ ದಿನ ಬೆಳಿಗ್ಗೆ ಅವಳು ಎಂದಿನಂತೆ ಬಾಚಣಿಗೆ ಹಿಡಿದು ಸೊಸೆಯನ್ನು ಕರೆದಳು. "ಬಾರೇ, ಒಂದು ಜಡೆ ಹಾಕ್ಬಿಡು."

ಆಫೀಸಿಗೆ ಹೊರಟು ನಿಂತಿದ್ದ ಹುಡುಗಿ ಅಲ್ಲಾಡಲಿಲ್ಲ. "ನಾನು ಹಾಕಲ್ಲ ಅತ್ತೆ. ಮಾಮ ಹಾಕ್ತಾರೆ."

ನನಗೆ ಸಿಟ್ಟು ಬಂತು. ಎಲ್ಲದಕ್ಕೂ ಒಂದು ಹೊತ್ತು ಗೊತ್ತು ಬೇಡವೇ? "ನಿನ್ನ ಸಮಾನತೆ ಪಾಠಕ್ಕೆ ಇವತ್ತೇ ಆಗ್ಬೇಕಿತ್ತಾ? ಕೈ ಮುರ್ಕೊಂಡು ಕೂತಿದಾಳೆ ಅವಳು!"

"ಅಯ್ಯೋ ಬಿಡೇ, ಅವರಿಗೆಲ್ಲಿ ಬರುತ್ತೆ" ಎಂದು ಹೆಂಡತಿಯೂ ದನಿಗೂಡಿಸಿದಳು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಯಾವತ್ತಿನ ತುಂಟತನ ಇರಲಿಲ್ಲ. "ಮಾಮ, ನಿನ್ನೆ ನಾನು ಆಫೀಸಿಂದ ಬಂದಾಗ ಅತ್ತೆ ಕೂದಲು ಬಿಚ್ಚೇ ಇತ್ತು. ಮಧ್ಯಾಹ್ನವೇ ಬಿಚ್ಚಿಹೋಗಿತ್ತಂತೆ. ಒಂದು ಕೈಯಲ್ಲಿ ಕಟ್ಟೋಕಾಗ್ದೆ ಸಂಜೆವರ್ಗೂ ಹಾಗೇ ಕೂತಿದ್ರು. ನೀವು ಇಲ್ಲೇ, ಮನೇಲೇ ಇದ್ರಿ. ಯಾಕೆ ಮಾಮನ್ನ ಕೇಳ್ಲಿಲ್ಲ ಅಂದ್ರೆ, ಸಂಕೋಚ ಆಯ್ತು ಅಂದ್ರು."

ಹೆಂಡತಿ ತಲೆ ತಗ್ಗಿಸಿ ಬಾಚಣಿಗೆಯ ಹಲ್ಲುಗಳನ್ನು ನೋಡುತ್ತಾ ಕುಳಿತಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನ್ನ ಹತ್ತಿರ ಸಂಕೋಚವೇ? ಕೈ ನೀಡಿ ಬಾಚಣಿಗೆ ತೆಗೆದುಕೊಂಡೆ.

ಹುಡುಗಿ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಳು. "ಮೇಲಿಂದ ಎಳೀಬೇಡಿ, ನೋವಾಗತ್ತೆ. ತುದಿಯಿಂದ ಸಿಕ್ಕು ಬಿಡ್ಸಿ. ಹ್ಞೂಂ. ಈಗ ಮೂರು ಭಾಗ ಮಾಡಿ. ಎಡಗಡೇದು ಮಧ್ಯಕ್ಕೆ. ಈಗ ಬಲಗಡೇದು ಮಧ್ಯಕ್ಕೆ. ಬಿಗಿ ಬೇಡ ಮಾಮ, ಅದು ಗೋಣಿಚೀಲ ಅಲ್ಲ."

ನಾನು ಯಾವಾಗಲೂ ದಪ್ಪ ಜಡೆಯೆಂದೇ ನೆನಪಿಟ್ಟುಕೊಂಡಿದ್ದದ್ದು ನನ್ನ ಕೈಯಲ್ಲಿ ತೆಳ್ಳಗೆ, ಹಗುರವಾಗಿ ಬಂತು. ಮುಂದಲೆಗೆ ಬಣ್ಣ ಹಚ್ಚುತ್ತಾಳಾದರೂ ಕುತ್ತಿಗೆಯ ಹತ್ತಿರ ಅವಳ ಕೈಗೆಟುಕದ ಕಡೆ ಪೂರ್ತಿ ಬೆಳ್ಳಗಾಗಿತ್ತು. ಎಡಗಿವಿಯ ಹಿಂದೆ, ಕೂದಲಿನಂಚಿನಲ್ಲಿ ಉಗುರಿನಷ್ಟು ಒಂದು ಹಳೆಯ ಗಾಯದ ಗುರುತು ಕಂಡಿತು.

"ಇದೇನಿದು?" ಎಂದೆ.

"ಅದಾ? ಚಿಕ್ಕೋಳಿದ್ದಾಗ ಸೀಬೆ ಮರದಿಂದ ಬಿದ್ದಿದ್ದೆ."

"ನೀನು ಮರ ಹತ್ತುತಿದ್ಯಾ? ನನಗೆ ಹೇಳೇ ಇಲ್ವಲ್ಲ."

ಅವಳು ತಿರುಗಲಿಲ್ಲ. ನಗುತ್ತಲೇ ಹೇಳಿದಳು. "ಎಲ್ಲಿ ಹೋದ್ರೂ ಮುಂದೆ ಮುಂದೆ ನಡೀತೀರಲ್ಲ ನೀವು. ಹಿಂದಿಂದ ನನ್ನ ಯಾವತ್ತು ನೋಡಿದ್ರಿ, ಹೇಳೋಕೆ?"

ಇಂಥ ಮಾತು ಸಿಕ್ಕಿದರೆ ಅದರ ಮೇಲೆ ಅರ್ಧ ಗಂಟೆ ಭಾಷಣ ಮಾಡುವ ಹುಡುಗಿ ತುಟಿ ಕಚ್ಚಿ ಕುಳಿತಿದ್ದಳು. ನಾನು ಮೂರೆಳೆಗಳನ್ನು ಕೊನೆಯವರೆಗೂ ಹೆಣೆದು ರಬ್ಬರ್ ಬ್ಯಾಂಡ್ ಹಾಕಿದೆ. ಜಡೆ ಒಂದು ಕಡೆಗೆ ವಾಲಿತ್ತು. ಹೆಂಡತಿ ಅದನ್ನು ಎಡಗೈಯಿಂದ ಹೆಗಲ ಮೇಲೆ ತಂದುಕೊಂಡು ಮೇಲಿನಿಂದ ಕೆಳಗಿನವರೆಗೂ ಸವರಿ ನೋಡಿದಳು.

"ಪರವಾಗಿಲ್ಲ" ಎಂದಳು.

"ಮೆಟ್ರೋ ಮಿಸ್ ಆಗತ್ತೆ" ಎಂದು ಹುಡುಗಿ ಎದ್ದಳು. ಹೋಗುವ ಮುಂಚೆ ಬಗ್ಗಿ ಅತ್ತೆಯ ಕೆನ್ನೆಗೆ ಕೆನ್ನೆ ತಾಗಿಸಿದಳು, ನನ್ನ ಭುಜವನ್ನು ಒಮ್ಮೆ ಗಟ್ಟಿಯಾಗಿ ಅದುಮಿ, ಹಿಂತಿರುಗಿ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದಳು. ಅವಳು ಪಿಜಿ ಹುಡುಕದಿದ್ದದ್ದು ನಮ್ಮ ಎಂಥ ಪುಣ್ಯ!

ಸ್ವಲ್ಪ ಹೊತ್ತಿಗೆ ನಾವೂ ಆಸ್ಪತ್ರೆಗೆ ಹೊರಟೆವು. ಬೀದಿಯ ತುದಿಯ ಆಟೋ ನಿಲ್ದಾಣದವರೆಗೆ ನಡೆಯಬೇಕು. ಅರ್ಧ ದಾರಿಯಲ್ಲಿ ಹೆಂಡತಿ ನಿಂತು ತಿರುಗಿದಳು.

"ಏನ್ರೀ, ಯಾಕೆ ಹಿಂದೆ ಉಳಿದ್ರಿ? ಕಾಲು ನೋವಾ?"

"ಇಲ್ಲ, ನೀನು ನಡಿ" ಎಂದೆ. "ಜಡೆ ನಿಲ್ಲುತ್ತೋ ಬಿಚ್ಚಿಹೋಗುತ್ತೋ ನೋಡ್ತಾ ಇದೀನಿ."