ಒಣಗಲು ಬಿಡದವರ ತೊಟ್ಟಿಲು

ತೊಟ್ಟಿಲ ಹಲಗೆ ಅಂಟಿತು! ಮೊಮ್ಮಗಳು ಅದರಲ್ಲೇ ಮಲಗಿದ್ದಾಳೆ! ಈ ಸಂತೋಷ ಮೊದಲು ಹೇಳಿಬಿಡುತ್ತೇನೆ, ತಡೆದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಇನ್ನು ಅಂಟಿಸಿದವರ ವಿಷಯ. ಮದ್ದೂರು ಸೀಮೆಯಲ್ಲಿ ಗೋಂದು ಹೆದರುವುದು ಒಬ್ಬರಿಗೇ: ನಮ್ಮ ಮನೆಯವರಿಗೆ.

ಅವರಿಗೆ ಅಂಟಿಸುವ ಹುಚ್ಚು. ಅಂಟಿಸಲಿ, ಬೇಡ ಅಂದವರು ಯಾರು? ಆದರೆ ಒಣಗಲು ಬಿಡಬೇಕಲ್ಲ! ಹಚ್ಚಿ ಕೈ ತೊಳೆಯುವ ಮುಂಚೆಯೇ ಅಂಟಿತಾ ಎಂದು ಕಿತ್ತು ನೋಡುವುದು. ಬಿತ್ತಿದ ಬೀಜವನ್ನು ದಿನಾ ಬಗೆದು ನೋಡಿದರೆ ಪೈರು ಬಂದೀತೇ? ಒಮ್ಮೆ ಬಾಯಿ ಬಿಟ್ಟ ಚಪ್ಪಲಿಗೆ ಗೋಂದು ಬಳಿದು, ಹಸಿಯಲ್ಲೇ ಮೆಟ್ಟಿಕೊಂಡು ಬಸ್ಸು ಹತ್ತಿದರು. ಮದ್ದೂರಿನಲ್ಲಿ ಇವರು ಇಳಿದರು, ಅಟ್ಟೆ ಇಳಿಯಲಿಲ್ಲ. ಅದು ಮಂಡ್ಯಕ್ಕೆ ಹೋಯಿತು!

ಇನ್ನೊಮ್ಮೆ ಕನ್ನಡಕದ ಕಡ್ಡಿ ಅಂಟಿಸಲು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುವ ಗೋಂದಿನ ಪುಟ್ಟ ಟ್ಯೂಬು ತಂದರು. ಕಡ್ಡಿ ಹಾಗೇ ಉಳಿಯಿತು, ಹೆಬ್ಬೆರಳೂ ತೋರುಬೆರಳೂ ಅಂಟಿಕೊಂಡವು. ಅವತ್ತೇ ವೈದ್ಯನಾಥಪುರದಲ್ಲಿ ನಂಟರ ಮದುವೆ. ಬೆರಳು ಹಾಗೇ ಹಿಡಿದುಕೊಂಡು ಹೋದರೆ, ನಶ್ಯ ಬೇಕೇನೋ ಎಂದು ಮೂವರು ಡಬ್ಬಿ ಚಾಚಿದರಂತೆ!

ನಮ್ಮ ಮಗಳು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ರಟ್ಟಿನ ಡಬ್ಬ ಅಂಟಿಸುವವಳು. ಅವಳೇ ಸಂಜೆ ಬಿಸಿನೀರು, ಸೋಪು ಹಾಕಿ ಬೆರಳು ಬಿಡಿಸಿದಳು. ಆ ಗೋಂದಿಗೆ ಚೂರು ತೇವ ಸಿಕ್ಕರೆ ಸಾಕಂತೆ, ಗಟ್ಟಿಯಾಗುತ್ತದಂತೆ. ಬೆವರಿದ ಬೆರಳಿಗಿಂತ ಅದಕ್ಕೆ ಬೇರೆ ಹಬ್ಬ ಬೇಕೇ?

ಈಗ ಆ ಮಗಳೇ ಹೆರಿಗೆಗೆ ಬಂದು ಹೆಣ್ಣುಕೂಸು ಹೆತ್ತಳು. ಭಾನುವಾರ ನಾಮಕರಣ. ಅಟ್ಟದ ಮೇಲಿಂದ ಅವಳು ಕೂಸಾಗಿದ್ದಾಗ ಮಲಗಿದ್ದ ತೊಟ್ಟಿಲು ಇಳಿಸಿದರೆ, ತಳದ ಹಲಗೆ ಸೀಳಿ ಎರಡಾಗಿದೆ! ಕಿರುಗಾವಲಿನ ಬೀಗರು ಕಬ್ಬಿಣದ್ದು ತರುತ್ತೇವೆ ಎಂದು ಫೋನು ಮಾಡಿದರು. ಇವರ ಮುಖ ಬಾಡಿತು. ಮಗಳು ಮಲಗಿದ್ದಲ್ಲೇ ಅವಳ ಮಗಳೂ ಮಲಗಬೇಕು ಎಂದರು. ಮೊಳೆ ಹೊಡೆಸಿ ಎಂದೆ. ಕೂಸಿಗೆ ಚುಚ್ಚುತ್ತದೆ ಎಂದರು. ಸರಿ, ಮತ್ತೆ ಗೋಂದು!

ಶುಕ್ರವಾರ ಹೋಳಿಗೆಗೆ ತುಪ್ಪ ಸುರಿದಂತೆ ಸುರಿದರು. ಸಂಜೆಯೊಳಗೆ ಐದು ಸಲ ಕಿತ್ತು ನೋಡಿದರು. ಆರನೇ ಸಲ ಮಗಳು ಕೈ ಹಿಡಿದಳು.

"ಅಪ್ಪೋ, ಈ ಬಿಳೀ ಗೋಂದು ಒಣಗೋದು ಅಂದ್ರೆ ಅದ್ರೊಳಗಿನ ನೀರು ಓಗೋದು ಕಣಪ್ಪ. ಒಸಿ ಮರ ಕುಡೀತದೆ, ಒಸಿ ಗಾಳಿ ಕುಡೀತದೆ. ಅಷ್ಟು ದಪ್ಪ ಸುರುದ್ರೆ ನೀರು ಎತ್ಲಾಗ್ ಓದಾತು? ನೀನು ಗಳ್ಗೆಗೊಂದ್ ಸಲ ಕಿತ್ರೆ ಎಲ್ ಇಡ್ಕಂಡಾತು?"

ಹಳೆಯದನ್ನು ಕೆರೆಸಿದಳು. ತೆಳ್ಳಗೆ ಹಚ್ಚಿಸಿ, ಹಗ್ಗ ಸುತ್ತಿಸಿ, ಕೋಲು ತುರುಕಿ ತಿರುಚಿ ಬಿಗಿಸಿದಳು. ನಾಳೆ ಇಡೀ ದಿನ ಮುಟ್ಟಬಾರದು ಎಂದಳು. ಇಡೀ ದಿನ! ಇವರು!

ಶನಿವಾರ ಬೆಳಗ್ಗೆ ಇವರು ಮೆಲ್ಲಗೆ ಹಲಗೆಯತ್ತ ಹೊರಟರು. ಮಗಳು ಮಲಗಿದ್ದ ಕೂಸನ್ನು ತಂದು ಅವರ ತೊಡೆಯ ಮೇಲೆ ಇಟ್ಟಳು. ಎದ್ದರೆ ಕೂಸು ಏಳುತ್ತದೆ! ಹಾಲು ಕುಡಿಸಲು ಮಗಳು ಒಯ್ಯುವುದು, ತಂದು ಮತ್ತೆ ತೊಡೆಗೆ. ಸಂಜೆ ಕಾಫಿ ಕೊಡಲು ಹೋದರೆ ಇವರದು ಪಿಸುಮಾತು.

"ಕಾಲು ಜೋಮು ಇಡ್ದದೆ ಕಣಮ್ಮೀ. ಒಸಿ ಮೆಲ್ಲುಕ್ ಮಾತಾಡು."

ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದನ್ನು ನಾನು ನೋಡಿಲ್ಲ!

ಭಾನುವಾರ ಹಗ್ಗ ಬಿಚ್ಚಿ ತೊಟ್ಟಿಲು ಕಟ್ಟಿದರು. ಮೊದಲು ರಾಗಿ ಮೂಟೆ ಇಟ್ಟು ತೂಗಿದರು. ಹಲಗೆ ಕಿರ್ ಎನ್ನಲಿಲ್ಲ. ಆಮೇಲೆ ಕೂಸು!

ರಾತ್ರಿ ಬೀಗರೂ ನಾವೂ ಒಟ್ಟಿಗೆ ನಡುಮನೆಯಲ್ಲಿ ಊಟಕ್ಕೆ ಕೂತೆವು. ಇವರು ತೊಟ್ಟಿಲ ಪಕ್ಕದಲ್ಲೇ ಕೂತು ಬಲಗೈಯಲ್ಲಿ ಮುದ್ದೆ ಮುರಿಯುತ್ತಿದ್ದರು. ಎಡಗೈ ಹಲಗೆಯ ಕೆಳಗೆ!

"ಯಾಕ್ ಬೀಗ್ರೇ, ಗೋಂದಿನ್ ಮ್ಯಾಲೆ ನಂಬ್ಕೆ ಇಲ್ವಾ?" ಎಂದು ಬೀಗರು ನಕ್ಕರು.

"ಗೋಂದು ಗಟ್ಟಿ ಐತೆ. ಕೈ ಸುಮ್ಕೆ ಇರ್ಲಿ ಬುಡಿ."

ನಾನು ನಗಲಿಲ್ಲ. ಮಗಳು ಕೂಸಾಗಿದ್ದಾಗ ಹಲಗೆ ಹೊಸದು, ಕಲ್ಲಿನಂತಿತ್ತು. ಆಗಲೂ ಈ ಕೈ ಅಲ್ಲೇ ಇತ್ತು. ಅವರ ಎಲೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ಸಾರು ಬಡಿಸಿ, ನಾನೂ ಪಕ್ಕದಲ್ಲಿ ಕೂತು ಉಂಡೆ.