ವಿಭೂತಿ ಧರಿಸಿದ ಪಗಡೆ ಸಿ.ಡಿ.

ಒಮ್ಮೆ ಕೊಂಡ ವಸ್ತುವನ್ನು ಮತ್ತೆ ಕೊಳ್ಳುವಷ್ಟು ದಡ್ಡ ನಾನಲ್ಲ. ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡಿ ತಲೆ ಹಣ್ಣಾದವನು. ಸೆರಗು ಮುಟ್ಟಿದರೆ ಸಾಕು, ಯಾವ ಮಗ್ಗದ್ದೆಂದು ಹೇಳಬಲ್ಲೆ! ಇಂಥ ನಾನು ಒಂದೇ ಪಗಡೆ ಪುಸ್ತಕವನ್ನು ಮೂರು ಸಲ ಕೊಂಡೆ.

ಮೊದಲ ಸಲ ಕೊಂಡದ್ದು ನಿಜವಾದ ಪುಸ್ತಕವನ್ನೇ. ಪಗಡೆ, ಹುಲಿ-ಕುರಿ, ಅಳಗುಳಿಮಣೆ ಹೀಗೆ ಕೂತು ಆಡುವ ಆಟಗಳ ಕಾಯ್ದೆ-ಕಾನೂನೆಲ್ಲ ಇದ್ದ ಎರಡು ದಪ್ಪ ಸಂಪುಟಗಳು. ರೇಷ್ಮೆ ಸೀರೆಗೆ ಕೊಡುವ ಮರ್ಯಾದೆಯನ್ನೇ ಅವಕ್ಕೂ ಕೊಟ್ಟು, ಬಟ್ಟೆ ಸುತ್ತಿ, ಡಾಂಬರು ಗುಳಿಗೆ ಹಾಕಿ ಕಪಾಟಿನಲ್ಲಿಟ್ಟಿದ್ದೆ. ಹಾಳಾದೀತೆಂದು ಓದಿರಲಿಲ್ಲ.

ಆ ವರ್ಷ ಪಂಚಮಿಗೆ ಹೆಂಡತಿ ಸಾವಿತ್ರಿಯ ತವರು ಕೆರೂರಿಗೆ ಹೋಗಿದ್ದೆವು. ಉಂಡಿ ತಿಂದು ಅವಳ ತಮ್ಮ ಮಲ್ಲೇಶಿಯೊಡನೆ ಪಗಡೆಗೆ ಕೂತೆ. ನನ್ನದೊಂದು ಕಾಯಿಯನ್ನೂ ಹೊಡೆಯದೆ ಅವನು ತನ್ನ ಕಾಯಿಗಳನ್ನೆಲ್ಲ ನಡುಮನೆಗೆ ಸೇರಿಸಿ ಹಣ್ಣು ಮಾಡಿಬಿಟ್ಟ!

"ಏ ಮಲ್ಲೇಶಿ, ಒಂದರ ಕಾಯಿ ಹೊಡೀದ ಹಣ್ಣ ಮಾಡಂಗಿಲ್ಲಲೇ!" ಎಂದೆ.

"ಅದು ನಿಮ್ಮ ಇಳಕಲ್ಲ ಕಾಯ್ದೆ ಇರಬೇಕ ಮಾಮಾ. ಕೆರೂರಾಗ ಹಂಗೇನಿಲ್ರಿ."

"ಪುಸ್ತಕದಾಗ ಬರದೈತಿ!" ಎಂದು ಗುಡುಗಿದೆ. ಓದದ ಪುಸ್ತಕದ ಮೇಲೆ ಇರುವಷ್ಟು ಭರವಸೆ ಓದಿದ ಪುಸ್ತಕದ ಮೇಲೆ ಇರುವುದಿಲ್ಲ.

"ಹಂಗಾರ ಚೌತಿಗೆ ಇಳಕಲ್ಲಿಗೆ ಬರ್ತೇನಿ, ತೋರಸ್ರಿ. ನಿಮ್ಮ ಮಾತು ಖರೆ ಆದ್ರ ಸಾಯೋತನಕ ನಿಮಗ ಗುರುಗಳೇ ಅಂತೇನಿ. ಸುಳ್ಳಾದ್ರ ನೀವು ನನಗ ಅನ್ನಬೇಕು."

ಹೆಣ್ಣು ಕೊಟ್ಟವರೆಲ್ಲರ ಎದುರಿಗೆ ಒಪ್ಪಿಕೊಂಡೆ. ಮನೆಗೆ ಹೋಗಿ ಪುಸ್ತಕ ತೆರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಡುವೆ ಬಾಗಲಕೋಟೆ ಬಂತು!

ಬಸ್ಸು ಬದಲಿಸಲು ಇಳಿದಾಗ ಅಂಗಡಿಯೊಂದರ ಮುಂದೆ ಬೋರ್ಡು ಕಂಡೆ. ಅದೇ ಪುಸ್ತಕ ಈಗ ಸಿ.ಡಿ.ಯಲ್ಲಿ! ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಹಾಕಿ ತೋರಿಸಿದ. ಯಾರೂ ಮುಟ್ಟದೆ ದಾಳ ಉರುಳಿತು! ಕಾಯಿಗಳು ತಾವಾಗಿಯೇ ನಡೆದವು! ಮೂರು ಸೇರು ತೂಗುವ ಪುಸ್ತಕಗಳು ಹಪ್ಪಳದಷ್ಟು ತೆಳ್ಳಗಿನ ತಟ್ಟೆಯೊಳಗೆ ಹೇಗೆ ಹೊಕ್ಕವು? ವಾಲಿಸಿದರೆ ಅದರ ಮೇಲೆ ಕಾಮನಬಿಲ್ಲು ಓಡಾಡುತ್ತಿತ್ತು. ಅಂಥ ಬಣ್ಣದ ಸೆರಗು ನಮ್ಮ ಊರಿನ ಯಾವ ಮಗ್ಗದಿಂದಲೂ ಬಂದಿಲ್ಲ. ನನಗೆ ಕೈಮುಗಿಯಬೇಕೆನಿಸಿತು.

"ಪುಸ್ತಕ ಮನ್ಯಾಗ ಅದಾವಲ್ರಿ? ಇದ್ದದ್ದಕ್ಕ ಮತ್ತ್ಯಾಕ ರೊಕ್ಕಾ ಕೊಡ್ತೀರಿ?" ಎಂದಳು ಸಾವಿತ್ರಿ.

"ಅದು ಬರೇ ಕಾಗದ ಸಾವಿತ್ರಿ, ಇದು ಬೆಳಕು!" ಎಂದೆ. ಅಂಗಡಿಯವನು ಚಿಲ್ಲರೆ ಎಣಿಸಲು ಶುರು ಮಾಡಿದ್ದ.

ನಮ್ಮ ಮನೆಗೆ ಮಗ್ಗ ಬರಲಿ, ಬಕೆಟ್ಟು ಬರಲಿ, ವಿಭೂತಿ ಧರಿಸದೆ ಕೆಲಸಕ್ಕೆ ಹಚ್ಚುವ ಪದ್ಧತಿಯಿಲ್ಲ. ಸ್ನಾನ ಮಾಡಿ ಸಿ.ಡಿ.ಯನ್ನು ಮಣೆಯ ಮೇಲಿಟ್ಟೆ. ಇದರ ಹಣೆ ಯಾವ ಕಡೆ ಎಂಬ ಗಂಭೀರ ಪ್ರಶ್ನೆ ಎದುರಾಯಿತು. ಒಂದು ಬದಿಯಲ್ಲಿ ಹೆಸರು ಅಚ್ಚಾಗಿತ್ತು. ಇನ್ನೊಂದು ಬದಿ ಥಳಥಳ ಹೊಳೆಯುತ್ತಿತ್ತು. ಹೆಸರನ್ನು ಯಾರಾದರೂ ಹಣೆಯ ಮೇಲೆ ಬರೆಸಿಕೊಳ್ಳುತ್ತಾರೆಯೇ? ಹೊಳೆಯುವುದೇ ಹಣೆ ಎಂದು ತೀರ್ಮಾನಿಸಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿನಿಂದ ದಪ್ಪಗೆ ಎಳೆದು, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ವ್ಯಾಪಾರದ ಲೆಕ್ಕಕ್ಕೆಂದು ಮನೆಯಲ್ಲಿಟ್ಟಿದ್ದ ಕಂಪ್ಯೂಟರಿನ ಬಾಯಿಗಿಟ್ಟೆ.

ಕರ್‍ರ್‍ರ್!

"ವಿಚಾರ ಮಾಡಾಕತ್ತೈತಿ" ಎಂದೆ.

"ವಿಭೂತಿ ನುಂಗಿದ್ರ ಯಾರಿಗರ ಕೆಮ್ಮು ಬರ್ತೈತ್ರಿ" ಎಂದಳು ಸಾವಿತ್ರಿ.

ಹೊರತೆಗೆದು ಒರೆಸಿದೆ. ಮತ್ತೆ ಕರ್‍ರ್! ಇನ್ನು ಉಳಿದದ್ದು ಹುಣಸೆಹಣ್ಣು. ತಾಮ್ರದ ತಂಬಿಗೆಯನ್ನು ಹೊಳೆಸುವ ಹುಣಸೆಹಣ್ಣಿಗೆ ಇದ್ಯಾವ ಲೆಕ್ಕ? ಬಚ್ಚಲಲ್ಲಿ ಕೂತು, ತೆಂಗಿನ ನಾರು ಹಿಡಿದು, ಎರಡೂ ಬದಿ ಶ್ರದ್ಧೆಯಿಂದ ಬೆಳಗಿದೆ. ಹೆಸರು ಹೋಯಿತು. ಹೆಸರಿನ ಹಿಂದೆಯೇ ಹೊಳಪೂ ಚಕ್ಕೆಚಕ್ಕೆಯಾಗಿ ಎದ್ದು ಬಂತು! ಕೊನೆಗೆ ಕೈಯಲ್ಲಿ ಉಳಿದ ಗಾಜಿನಂಥ ಬಿಲ್ಲೆಯನ್ನು ಕಣ್ಣಿಗೆ ಹಿಡಿದೆ. ಆಚೆ ಬದಿಗೆ ಸಾವಿತ್ರಿ ಸ್ಪಷ್ಟವಾಗಿ ಕಂಡಳು. ನಗುತ್ತಿದ್ದಳು.

ಆಗಲಾದರೂ ಕಪಾಟು ತೆರೆಯಬೇಕಿತ್ತು. ಆದರೆ ಉರುಳುವ ದಾಳ ನೋಡಿದ ಕಣ್ಣಿಗೆ ಕಾಗದ ರುಚಿಸೀತೇ? ಮತ್ತೆ ಬಾಗಲಕೋಟೆಗೆ ಹೋದೆ. ಅಂಗಡಿಯವನು "ಹಿಂದಿಂದು ಏನಾತ್ರಿ ಸಾಹುಕಾರ್ರ?" ಎಂದು ಕೇಳಿದ. "ಯಾರಿಗೋ ಕೊಟ್ಟೆ" ಎಂದೆ. ಬರುವಾಗ ಅಮೀನಗಡದಲ್ಲಿ ಹೆಂಡತಿಯ ಬಾಯಿ ಕಟ್ಟಲು ಕರದಂಟು ಕೊಂಡೆ. ಅವಳು ಕರದಂಟೂ ತಿಂದಳು, ಮಾತೂ ಆಡಿದಳು.

ಚೌತಿಗೆ ಮಲ್ಲೇಶಿ ಬಂದ. ಓಣಿಯವರನ್ನೂ ಕರೆದಿದ್ದೆ. ಪೂಜೆಯಿಲ್ಲದೆ ಒಳಗೆ ಹೋದ ಸಿ.ಡಿ. ಚಕ್ಕನೆ ತೆರೆದುಕೊಂಡಿತು. ದಾಳ ಉರುಳಿದ ಕೂಡಲೇ ಇಡೀ ಓಣಿ "ಅಬಬಬಾ!" ಎಂದಿತು. ಮಲ್ಲೇಶಿ ಬಾಯಿ ತೆರೆದವನು ಮುಚ್ಚಲಿಲ್ಲ. "ಎಂಥಾ ಮಾಯಾ ರೀ ಮಾಮಾ ಇದು!" ಎಂದ. ಗುರುಪೀಠ ನನ್ನ ಕೆಳಗೆ ಬಂದು ಕೂತಂತೆಯೇ ಅನಿಸಿತು. ಕಾಯಿ ಹಣ್ಣು ಮಾಡುವ ಕಾಯ್ದೆ ಎಲ್ಲಿದೆಯೋ ಅಲ್ಲಿ ಒತ್ತಿದೆ. ದೊಡ್ಡ ಬಣ್ಣದ ಅಕ್ಷರಗಳು ಮೂಡಿದವು.

"ವಿವರಗಳಿಗೆ ಪುಸ್ತಕದ ಎರಡನೆಯ ಸಂಪುಟ ನೋಡಿರಿ."

ಸಾವಿತ್ರಿ ಒಳಗೆ ಹೋಗಿ ಎರಡನೆಯ ಸಂಪುಟ ತಂದಳು. ಡಾಂಬರು ಗುಳಿಗೆಯ ವಾಸನೆ ಪಡಸಾಲೆಯ ತುಂಬ ಹರಡಿತು. ಮಲ್ಲೇಶಿ ಹಾಳೆ ತಿರುವಿ ಗಟ್ಟಿಯಾಗಿ ಓದಿದ: "ಹೊಡೆಯದೆ ಹಣ್ಣು ಮಾಡಬಾರದೆಂಬುದು ಕೆಲವು ಊರುಗಳ ಪದ್ಧತಿ, ಕೆಲವು ಕಡೆ ಇಲ್ಲ. ಮೊದಲೇ ಮಾತಾಗದಿದ್ದರೆ ಆಟ ಹೂಡಿದ ಮನೆಯ ಪದ್ಧತಿಯೇ ಕಾಯ್ದೆ."

ಓದಿ ತಲೆಯೆತ್ತಿದ. "ಆಟ ಹೂಡಿದ್ದು ಯಾರ ಮನ್ಯಾಗ ಅಕ್ಕಾ?"

"ನಮ್ಮ ಮನ್ಯಾಗ" ಎಂದಳು ಸಾವಿತ್ರಿ. ನಮ್ಮ ಮನೆ ಎಂದರೆ ಕೆರೂರು! ನನ್ನ ಉಪ್ಪು ತಿಂದದ್ದು ಸಾಲದೆಂದು ಕರದಂಟನ್ನೂ ತಿಂದವಳ ಸಾಕ್ಷಿ ಇದು.

ಅಂದಿನಿಂದ ನನಗಿಂತ ಹತ್ತು ವರ್ಷ ಚಿಕ್ಕವನಾದ ಮಲ್ಲೇಶಿ ನನ್ನ ಗುರು. ಬೋಳಾದ ಸಿ.ಡಿ. ದೇವರ ಜಗುಲಿಯ ಮೇಲಿದೆ. "ಪೂಜಾ ಮಾಡಿದ್ದನ್ನ ಒಗೀಬಾರದ್ರಿ" ಎಂದು ಸಾವಿತ್ರಿ ಅದಕ್ಕೆ ತಪ್ಪದೆ ವಿಭೂತಿ ಹಚ್ಚುತ್ತಾಳೆ. ಈಗ ಅದು ಯಾವ ಕಡೆ ಹಚ್ಚಿದರೂ ಎರಡೂ ಕಡೆ ಕಾಣುತ್ತದೆ.

ಮೊನ್ನೆ ಗುರುಗಳು ಬಂದಿದ್ದರು. ಚಹಾ ಕುಡಿಯುತ್ತ, "ಮಾಮಾ, ಅದ ಪುಸ್ತಕ ಈಗ ಡಿ.ವಿ.ಡಿ.ಯೊಳಗ ಬಂದೈತಂತ್ರಿ. ಕಾಯಿ ಮಾತಾಡ್ತಾವಂತ!" ಎಂದರು.

ಕಾಯಿ ಮಾತಾಡುತ್ತವೆಯೇ! ನನ್ನ ಮೈ ಜುಮ್ಮೆಂದಿತು. ಒಳಗೆ ಸಾವಿತ್ರಿಯ ಬಳೆಯ ಸದ್ದು ನಿಂತಿತು. ನಾನು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದೆ:

"ಗುರುಗಳೇ, ಅದರ ಹಣಿ ಯಾವ ಕಡೆ ಇರ್ತೈತ್ರಿ?"